ಅಮೆಥಿಸ್ಟ್ ಉಂಗುರ ದಿನಾ ಹಾಕಬಹುದಾ? ಅನುಭವ ಇದ್ದವರು ಹೇಳಿ

ತುಮಕೂರು ಚಿಕ್ಕಮ್ಮ: ಮಗಳಿಗೆ ಬೆಳ್ಳಿ ಉಂಗುರದಲ್ಲಿ ನೇರಳೆ ಅಮೆಥಿಸ್ಟ್ ಕೂರಿಸಬೇಕು ಅಂತಿದ್ದೇನೆ. ಅಂಗಡಿಯಲ್ಲಿ ₹4,200 ಹೇಳಿದ್ದಾರೆ. ದಿನಾ ಹಾಕಿದರೆ ಬಾಳಿಕೆ ಬರುತ್ತಾ?

ಮಲ್ಲಿಗೆಮನೆ: ನಾನು ತಂದದ್ದು ಉಂಗುರ ಅಲ್ಲ, ಇಡೀ ಗಡ್ಡೆ. ಬ್ರೆಜಿಲ್‌ನದು, ಲಾವಾ ಆರುವಾಗ ಉಳಿದ ಗುಳ್ಳೆಯೊಳಗೆ ಹರಳುಗಟ್ಟಿದ್ದು. ₹9,500 ಕೊಟ್ಟೆ. ಸಾಗಣೆಗೆ ₹1,150 ಬೇರೆ. ದಾರಿಯಲ್ಲೇ ಒಂದು ಮೂಲೆ ಮುಕ್ಕಾಯಿತು. ಹೋಗಲಿ ಅಂತ ಹಾಲ್ ಕಿಟಕಿಯಲ್ಲಿಟ್ಟೆ. ಮೂರು ಬೇಸಿಗೆ ಕಳೆಯಿತು. ಈಗ ಗೋಡೆ ಕಡೆ ನೇರಳೆ ಹಣ್ಣಿನ ಬಣ್ಣ, ಬಿಸಿಲಿನ ಕಡೆ ಅಕ್ಕಿ ತೊಳೆದ ನೀರಿನ ಬಣ್ಣ. ನೋಡಿದಾಗೆಲ್ಲ ಹೊಟ್ಟೆ ಉರಿಯುತ್ತದೆ.

ಹರಳುಗಣ್ಣ: ನನ್ನದು ಬೆಂಕಿಗೆ ಹೋಯ್ತು. ಅಮ್ಮನ ಉಂಗುರ, ಬಿಗಿಯಾಗಿತ್ತು ಅಂತ ಹಿಗ್ಗಿಸಲು ಕೊಟ್ಟೆ. ಕಲ್ಲು ಬಿಚ್ಚದೆ ಬೆಸುಗೆ ಹಾಕಿದರು. ವಾಪಸ್ ಬಂದಾಗ ನಡುವೆ ಮಾಸಲು ನೇರಳೆ, ಅಂಚಿನಲ್ಲಿ ಹಳದಿ. ಬೆಣಚುಕಲ್ಲಿನೊಳಗೆ ಚೂರೇ ಚೂರು ಕಬ್ಬಿಣ, ಅದಕ್ಕೆ ನೆಲದೊಳಗಿನ ವಿಕಿರಣ ತಾಗಿ ಬಂದ ಬಣ್ಣ ಅದು. 400–500 ಡಿಗ್ರಿ ಕಾವಿಗೆ ನಿಲ್ಲಲ್ಲ. ಕೂಲಿ ₹350 ಮಾತ್ರ ಎಣಿಸಿ ತಗೊಂಡರು. ಪೇಟೆಯಲ್ಲಿ ಸಿಟ್ರಿನ್ ಅಂತ ಮಾರುವ ಹಳದಿ ಹರಳು ಬಹುಪಾಲು ಹೀಗೆ ಕಾಯಿಸಿದ ಅಮೆಥಿಸ್ಟೇ.

ಹಳದಿಹೂ: ಅಂದರೆ ನನ್ನ ಸಿಟ್ರಿನ್ ನಕಲಿನಾ? ₹7,800 ಕೊಟ್ಟು ಓಲೆ ಮಾಡಿಸಿದ್ದೇನೆ. ನಾಲ್ಕು ವರ್ಷ ಆಯ್ತು, ಬಣ್ಣ ಒಂಚೂರೂ ಬಿಟ್ಟಿಲ್ಲ.

ಹರಳುಗಣ್ಣ: ನಕಲಿ ಅಂತ ಎಲ್ಲಿ ಬರೆದೆ? ಎರಡೂ ಬೆಣಚುಕಲ್ಲೇ. ಕಾಯಿಸಿದ್ದನ್ನು ಕಾಯಿಸಿದ್ದು ಅಂತ ಹೇಳಿ ಮಾರಲಿ, ಅಷ್ಟೇ ನನ್ನ ಸಿಟ್ಟು.

ಸ್ಕೂಟರಕ್ಕ: ಹತ್ತರ ಅಳತೆಯಲ್ಲಿ ಗಟ್ಟಿತನ 7 ಅಂತ ನಂಬಿ ನಾನು ದಿನಾ ಹಾಕಿದೆ. ರಸ್ತೆ ಧೂಳಿನಲ್ಲಿರುವುದೂ ಇದೇ ಬೆಣಚಿನ ಪುಡಿ ಅಲ್ವಾ? ಸೆರಗಲ್ಲಿ ಒರೆಸಿ ಒರೆಸಿ ಒಂದೂವರೆ ವರ್ಷಕ್ಕೆ ಮುಖ ಮಬ್ಬಾಯಿತು. ಪಾಲಿಶ್‌ಗೆ ₹600, ಮತ್ತೆ ಕೂರಿಸಲು ₹400. ಈಗ ಮೊದಲು ನೀರಲ್ಲಿ ತೊಳೆಯುತ್ತೇನೆ, ಆಮೇಲೆ ಒರೆಸುತ್ತೇನೆ.

ಶನಿವಾರದವ: ಜೋಯಿಸರು ನೀಲದ ಬದಲು ಇದನ್ನು ಹಾಕಿ ಅಂದರು. ₹5,000 ಕೊಟ್ಟು ತಂದೆ. ಲ್ಯಾಬ್‌ಗೆ ಕೊಟ್ಟರೆ ಕಾರ್ಖಾನೆಯಲ್ಲಿ ಬೆಳೆಸಿದ ಕಲ್ಲು ಅಂತ ಬಂತು. ಆ ಪರೀಕ್ಷೆಗೇ ₹1,200.

ಹಳದಿಹೂ: ಕೇಳಿದ್ದು ಬಾಳಿಕೆ. ಶನಿ ವಿಷಯ ಇಲ್ಲಿ ಯಾಕೆ?

ಶನಿವಾರದವ: ನಿಮ್ಮ ಓಲೆ ವಿಷಯ ಯಾಕೆ ಬಂತೋ ಅದಕ್ಕೇ. ಬೆಳೆಸಿದ್ದಕ್ಕೂ ನೆಲದಲ್ಲಿ ಸಿಕ್ಕಿದ್ದಕ್ಕೂ ಅದೇ ಗಟ್ಟಿ, ಅದೇ ತೂಕ. ಬರೀ ಕಣ್ಣಿಗೆ ಗೊತ್ತಾಗಲ್ಲ. ದುಡ್ಡು ಹೋದವನಿಗೆ ಮಾತಾಡಲೂ ಬಿಡಲ್ವಾ?

ಮಲ್ಲಿಗೆಮನೆ: ಜಗಳ ಆಮೇಲೆ ಆಡಿ. ವಿಕಿರಣದಿಂದ ಬಂದ ಬಣ್ಣ ಅಂದ್ರಲ್ಲ, ನನ್ನ ಗಡ್ಡೆಗೆ ಅದನ್ನ ಮತ್ತೆ ಹಾಯಿಸಿ ಕೊಡುವವರು ಯಾರಾದರೂ ಗೊತ್ತಾ?