ಪದಚರ್ಚೆ: ‘ಸೈಡ್ ಕೊಡು’ ಅನ್ನೋದರ ಉಲ್ಟಾ ಮಾತು ಯಾವ್ದು?

ಎಲ್ಲರಿಗೂ ನಮಸ್ಕಾರ, ಶಿರಸಿಯಿಂದ ಒಂದು ಪ್ರಶ್ನೆ. ಆಸ್ಟ್ರಿಯಾದಲ್ಲಿರೋ ನಮ್ಮೂರ ಹುಡುಗ ಒಬ್ಬ, ಊರಿಂದ ಹೋಗೋ ನೆಂಟರಿಗೆ ಅಂತ ಸ್ಕೀ ಬೈಕ್ ಬಗ್ಗೆ ಎರಡು ಪುಟ ಕನ್ನಡದಲ್ಲಿ ಬರೆದು ತಿದ್ದಿಕೊಡಿ ಅಂತ ಕಳಿಸಿದಾನೆ. ನೋಡದವ್ರಿಗೆ ಹೇಳೋದಾದ್ರೆ, ಸೈಕಲ್ ಥರದ್ದೇ ಫ್ರೇಮು, ಚಕ್ರದ ಜಾಗದಲ್ಲಿ ಒಂದೊಂದು ಸ್ಕೀ (ಹಿಮದ ಮೇಲೆ ಜಾರೋ ಉದ್ದ ಪಟ್ಟಿ), ಪೆಡಲ್ ಇಲ್ಲ ಬ್ರೇಕೂ ಇಲ್ಲ, ನಿಲ್ಲಬೇಕು ಅಂದ್ರೆ ಇಳಿಜಾರಿಗೆ ಅಡ್ಡ ತಿರುಗಿಸಿ ಸ್ಕೀ ಅಂಚನ್ನ ಹಿಮಕ್ಕೆ ಒತ್ತಬೇಕು.

ಅದ್ರಲ್ಲಿ ಒಂದು ಸಾಲು “ಕೆಳಗಿನವರಿಗೆ ಸೈಡ್ ಕೊಡಿ”. (ಕೆಳಗಿನವರು ಅಂದ್ರೆ ಇಳಿಜಾರಲ್ಲಿ ನಮ್ಮ ಮುಂದೆ ಇಳೀತಾ ಇರೋವ್ರು. ನಮ್ಮಲ್ಲಾದ್ರೆ ಘಟ್ಟದ ಕೆಳಗಿನ ಕುಮಟಾ ಹೊನ್ನಾವರದವ್ರು, ಅದಿರ್ಲಿ.) ತೊಡಕು ಇರೋದು ಸೈಡಲ್ಲಿ. ದೇವಿಮನೆ ಘಟ್ಟದಲ್ಲಿ ಸೈಡ್ ಕೊಡೋನು ಯಾವಾಗ್ಲೂ ಮುಂದಿನವ, ಹಿಂದಿನ ಬಸ್ಸಿನವ ಹಾರ್ನ್ ಹೊಡೀತಾನೆ, ಮುಂದಿನ ಲಾರಿಯವ ಕೈ ಬೀಸಿ ಎಡಕ್ಕೆ ಸರೀತಾನೆ. ಹಿಮದ ಮೇಲೆ ಪೂರ್ತಿ ತಿರುಗಾಮುರುಗಾ. ಅಂತರರಾಷ್ಟ್ರೀಯ ಸ್ಕೀ ಸಂಸ್ಥೆ ಎಫ್‌ಐಎಸ್ 1967ರಲ್ಲಿ ಮಾಡಿದ 10 ನಿಯಮ ಇದೆ, ಅದ್ರ ಪ್ರಕಾರ ಮೇಲಿಂದ ಬರೋನೇ ದಾರಿ ನೋಡ್ಕೋಬೇಕು, ಮುಂದಿರೋನಿಗೆ ಬೆನ್ನಲ್ಲಿ ಕಣ್ಣಿಲ್ಲ, ಅವ ಯಾವಾಗ ಯಾವ ಕಡೆ ತಿರುಗಿದ್ರೂ ತಾಗದಷ್ಟು ಜಾಗ ಬಿಟ್ಟು ದಾಟಬೇಕು. ಹಿಂದಿಂದ “ಸೈಡ್ ಸೈಡ್” ಅಂತ ಕೂಗಿ, ಅವ ಗಾಬರಿಬಿದ್ದು ಅದೇ ಕಡೆ ತಿರುಗಿ ಡಿಕ್ಕಿ ಆದ್ರೆ ಹೊಣೆ ಕೂಗಿದವನದ್ದೇ.

ಹಂಗಾಗಿ “ಸೈಡ್ ಕೊಡಿ” ಅಂತ ಓದಿದ ನೆಂಟರು ಇಳಿಯುವಾಗ ಹಿಂದೆ ಹಿಂದೆ ತಿರುಗಿ ನೋಡ್ತಾ ಪಕ್ಕಕ್ಕೆ ಸರಿಯೋಕೆ ಹೋಗ್ತಾರೆ, ಅದು ಇನ್ನೂ ಅಪಾಯ. ಹಿಂದೆ ಅಂದ್ರೆ ಮೇಲುಗಡೆ ನೋಡ್ಬೇಕಾದ್ದು ನಿಂತಲ್ಲಿಂದ ಮತ್ತೆ ಹೊರಡುವಾಗ. “ದಾರಿ ಬಿಡಿ” ಅಂದ್ರೂ ಅದೇ ಕಥೆ, “ಆದ್ಯತೆ ನೀಡಿ” ಸುತ್ತೋಲೆ ಭಾಷೆ ಆಯ್ತು, “ತಪ್ಪಿಸ್ಕೊಂಡು ಹೋಗಿ” ಅಂತ ಬರೆದ್ರೆ ಯಾರೋ ಪೊಲೀಸರು ಬೆನ್ನು ಹತ್ತಿದ ಹಾಗೆ ಕೇಳ್ತದೆ.

ಇನ್ನೊಂದು, ಬೈಕನ್ನ ಸವಾರನ ಮೈಗೆ ಸೇರಿಸೋ ಲೀಶ್. ಬಿದ್ದಾಗ ಬೈಕ್ ಒಂದೇ ಕೆಳಗೆ ಓಡಿ ಯಾರದೋ ಕಾಲಿಗೆ ಹೊಡೀಬಾರ್ದು ಅಂತ ಅದು, ಎಷ್ಟೋ ಕಡೆ ಅದಿಲ್ದೆ ಗುಡ್ಡದ ಮೇಲಕ್ಕೆ ಒಯ್ಯೋ ಲಿಫ್ಟ್ ಹತ್ತೋಕೇ ಬಿಡೋದಿಲ್ಲ. ಹುಡುಗ “ಸುರಕ್ಷತಾ ಪಟ್ಟಿ” ಅಂದಿದ್ದ, ನಾ ಹೊಡೆದು ಹಾಕಿ “ಕಣ್ಣಿ” ಅಂತ ಬರೆದೆ. ಕರು ಕಟ್ಟೋ ಮನೇಲಿ ಹುಟ್ಟಿದವ್ರಿಗೆ ಇದಕ್ಕಿಂತ ವಿವರಣೆ ಬೇಡ ಅಂತ ನನ್ನ ಲೆಕ್ಕ, ಬೇರೆ ಇದ್ರೆ ಹೇಳಿ.

ಆದ್ರೆ ಮುಖ್ಯ ಪ್ರಶ್ನೆ ಮೊದಲಿನದ್ದು. ಸಮುದ್ರದಲ್ಲೂ ನಿಯಮ ಹೀಗೇ ಅಲ್ವಾ, ಹಿಂದಿಂದ ಬಂದು ದಾಟೋ ಹಡಗೇ ದೂರ ಇರ್ಬೇಕು, ಮುಂದಿನದ್ದು ತನ್ನ ಪಾಡಿಗೆ ತಾನು ಹೋಗ್ತಾ ಇರ್ಬೇಕು. ಕಾರವಾರ, ತದಡಿ ಕಡೆಯವ್ರು ಯಾರಾದ್ರೂ ಇದ್ರೆ ಬೋಟಿನ ತಾಂಡೇಲರನ್ನ (ಬೋಟು ನಡೆಸೋವ್ರನ್ನ) ಕೇಳಿ ನೋಡಿ, ಹಿಂದಿನವ ಹೀಗೆ ಅಂತರ ಇಟ್ಟು ದಾಟೋದಕ್ಕೆ ಅವ್ರು ಏನಂತಾರೆ? ಕೊಂಕಣಿ ಮಾತಾದ್ರೂ ಅಡ್ಡಿಲ್ಲ.