16 ತಂಡಗಳ ಲೀಗ್‌ನಲ್ಲಿ ಕ್ವಾರ್ಟರ್‌ಬ್ಯಾಕ್ ಯಾವಾಗ ತಗೋಬೇಕು?

ಪ್ರಶ್ನೆ: ಸರ್, ನ್ಯೂಜೆರ್ಸಿಯಲ್ಲಿದ್ದೇನೆ. ಆಫೀಸಿನವರ ಫ್ಯಾಂಟಸಿ ಫುಟ್‌ಬಾಲ್ ಲೀಗ್‌ಗೆ ಈ ಸಲ ನನ್ನನ್ನೂ ಸೇರಿಸಿದ್ದಾರೆ. ಅಮೆರಿಕನ್ ಫುಟ್‌ಬಾಲಿನ ನಿಜವಾದ ಆಟಗಾರರನ್ನು ಸರದಿಯಲ್ಲಿ ಆರಿಸಿಕೊಳ್ಳಬೇಕು, ಒಬ್ಬರು ತಗೊಂಡವನು ಇನ್ನೊಬ್ಬರಿಗಿಲ್ಲ, ಅವರು ಆಡಿದಂತೆ ನಮಗೆ ಪಾಯಿಂಟ್. 16 ತಂಡ, ಸ್ನೇಕ್ ಡ್ರಾಫ್ಟ್ (ಪ್ರತಿ ಸುತ್ತಿಗೂ ಸರದಿ ತಿರುಗುಮುರುಗು), ನನ್ನದು 5ನೇ ನಂಬರ್. ಕ್ವಾರ್ಟರ್‌ಬ್ಯಾಕ್‌ನನ್ನು (ಚೆಂಡು ಎಸೆದು ದಾಳಿ ನಡೆಸುವವನನ್ನು) ಕೊನೆಗೆ ತಗೊಂಡರೆ ಸಾಕು ಅಂತ ಎಲ್ಲರೂ ಹೇಳ್ತಾರೆ. ನಿಜಾನಾ?

ಉತ್ತರ: 10 ತಂಡಗಳ ಲೀಗ್‌ನಲ್ಲಿ ನಿಜ. ನಿಮ್ಮಲ್ಲಿ ಅಲ್ಲ. ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿರುವುದೇ 32 ತಂಡ, ಅಂದರೆ ವಾರಕ್ಕೆ ಹೆಚ್ಚೆಂದರೆ 32 ಆರಂಭಿಕ ಕ್ವಾರ್ಟರ್‌ಬ್ಯಾಕ್‌ಗಳು. ನಿಮ್ಮ 16 ಜನರೂ ತಲಾ ಇಬ್ಬರನ್ನು ತಗೊಂಡರೆ ಅಂಗಡಿ ಖಾಲಿ. ಆಮೇಲೆ ವೇವರ್‌ನಲ್ಲಿ (ಯಾರೂ ತಗೊಳ್ಳದೆ ಉಳಿದವರ ಪಟ್ಟಿಯಲ್ಲಿ) ಹುಡುಕಿದರೆ ಬೆಂಚಿನಲ್ಲಿ ಕೂತವರಷ್ಟೇ ಸಿಗುತ್ತಾರೆ.

ಹಾಗಂತ ಮೊದಲ ಸುತ್ತಿನಲ್ಲೇ ತಗೋಬೇಡಿ. ರನ್ನಿಂಗ್ ಬ್ಯಾಕ್‌ಗಳು (ಚೆಂಡು ಹಿಡಿದು ಓಡುವವರು) ಇನ್ನೂ ಬೇಗ ಮುಗಿಯುತ್ತಾರೆ.

ನಿಮ್ಮ ಸರದಿ ಲೆಕ್ಕ ಹಾಕಿ ನೋಡಿ: 5, 28, 37, 60, 69, 92. ಇಲ್ಲೇ ಇರೋದು ಮಜಾ. 60 ಮತ್ತು 69ರ ನಡುವೆ ಆರಿಸುವವರು 1ರಿಂದ 4ನೇ ನಂಬರಿನ ನಾಲ್ಕೇ ಜನ, ತಲಾ ಎರಡು ಸಲ. ಆ ನಾಲ್ವರ ಪಟ್ಟಿ ಮೇಲೆ ಕಣ್ಣಿಡಿ. ಅವರಲ್ಲಿ ಮೂವರ ಹತ್ತಿರ ಆಗಲೇ ಕ್ವಾರ್ಟರ್‌ಬ್ಯಾಕ್ ಇದ್ದರೆ, 60ಕ್ಕೆ ಬೇರೆ ಆಟಗಾರನನ್ನು ತಗೊಂಡು 69ರವರೆಗೆ ಕಾಯಬಹುದು. ಆದರೆ 69 ದಾಟಿಸಬೇಡಿ. ಅಲ್ಲಿಂದ 92ಕ್ಕೆ ಬರೋಷ್ಟರಲ್ಲಿ 22 ಆಯ್ಕೆ ಆಗಿರುತ್ತದೆ. ಒಬ್ಬರು ಶುರು ಮಾಡಿದರೆ ಸಾಕು, ಉಳಿದವರೂ ಗಾಬರಿಬಿದ್ದು ಮುಗಿಬೀಳುತ್ತಾರೆ.

ಪ್ರಶ್ನೆ: ಹೆಚ್ಚು ಎಸೆಯುವವನನ್ನು ತಗೋಬೇಕಾ, ಓಡುವವನನ್ನಾ?

ಉತ್ತರ: ಓಡುವವನನ್ನೇ. ಮಾಮೂಲಿ ಲೆಕ್ಕದಲ್ಲಿ 25 ಯಾರ್ಡ್ ಎಸೆದರೆ 1 ಪಾಯಿಂಟ್, 10 ಯಾರ್ಡ್ ಓಡಿದರೂ 1 ಪಾಯಿಂಟ್. ಲಮಾರ್ ಜಾಕ್ಸನ್ 2024ರಲ್ಲಿ 915 ಯಾರ್ಡ್ ಓಡಿದರು. ಅದೊಂದರಿಂದಲೇ 91 ಪಾಯಿಂಟ್ ಮೇಲೆ. ಅಷ್ಟನ್ನು ಎಸೆದು ಗಳಿಸಲು ಸುಮಾರು 2,300 ಯಾರ್ಡ್ ಬೇಕು. ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆ ಗೆರೆ ದಾಟಿಸುವುದು) ಕೂಡ ಹಾಗೇ. ಎಸೆದರೆ 4, ಓಡಿದರೆ 6. ಜೇಲನ್ ಹರ್ಟ್ಸ್ ಅದೇ ವರ್ಷ 14 ಟಚ್‌ಡೌನ್ ಓಡಿ ಹೊಡೆದರು, ಅದರಲ್ಲಿ ಎಷ್ಟೋ ಗೆರೆ ಪಕ್ಕದಲ್ಲೇ ಹಿಂದಿನವರು ತಳ್ಳಿದ್ದು! ನಿಮ್ಮ ಲೀಗ್‌ನಲ್ಲಿ ಎಸೆದ ಟಚ್‌ಡೌನ್‌ಗೂ 6 ಕೊಡ್ತಾರಾ ಅಂತ ಮೊದಲು ಕೇಳಿಕೊಳ್ಳಿ. ಕೊಟ್ಟರೆ ಈ ಅಂತರ ಸ್ವಲ್ಪ ಕಡಿಮೆಯಾಗುತ್ತದೆ.

ಇನ್ನೊಬ್ಬರು: ನಾನೂ 16ರ ಲೀಗೇ ಸರ್. ಎರಡನೇ ಕ್ವಾರ್ಟರ್‌ಬ್ಯಾಕ್ ಅಂದರೆ ಒಂದು ಜಾಗ ದಂಡ ಅಲ್ವಾ?

ಉತ್ತರ: ನಾನೂ ಹಾಗೇ ಅಂದುಕೊಂಡಿದ್ದೆ. ಇದೇ ನನ್ನ ಕಸುಬು ಬೇರೆ, ನಾಚಿಕೆ ಆಗ್ಬೇಕು. 2023ರಲ್ಲಿ ಆರನ್ ರಾಜರ್ಸ್ ಒಬ್ಬರನ್ನೇ ನಂಬಿದ್ದೆ. ಜೆಟ್ಸ್‌ಗಾಗಿ ಮೊದಲ ಪಂದ್ಯ, ಅದರಲ್ಲಿ ನಾಲ್ಕೇ ಸಲ ಚೆಂಡು ಆಡಿದ್ದು, ಹಿಮ್ಮಡಿ ನರ ಹರಿದು ಸೀಸನ್ ಮುಗಿಯಿತು. ಅವತ್ತು ರಾತ್ರಿಯೇ ವೇವರ್ ತೆರೆದು ನೋಡಿದೆ. ಅವರ ಜಾಗಕ್ಕೆ ಬಂದ ಝಾಕ್ ವಿಲ್ಸನ್ ಬಿಟ್ಟರೆ ಹೇಳಿಕೊಳ್ಳುವಂಥವರು ಒಬ್ಬರೂ ಇರಲಿಲ್ಲ.

ಅದಕ್ಕೇ ಈಗ 10ನೇ ಸುತ್ತಿನ ಆಸುಪಾಸು ಇನ್ನೊಬ್ಬನನ್ನು ತಗೊಂಡುಬಿಡುತ್ತೇನೆ. ದೊಡ್ಡ ಹೆಸರು ಬೇಡ, ಅವನ ಜಾಗ ಗಟ್ಟಿ ಇರಬೇಕು ಅಷ್ಟೇ. ಇಬ್ಬರ ಬೈ ವೀಕ್ (ಅವರ ತಂಡಕ್ಕೆ ಪಂದ್ಯವಿಲ್ಲದ ವಾರ) ಒಂದೇ ಆಗದಂತೆ ನೋಡಿಕೊಳ್ಳಿ. ಇಲ್ಲದಿದ್ದರೆ ಆ ಭಾನುವಾರ ಇಬ್ಬರೂ ಮನೆಯಲ್ಲಿರ್ತಾರೆ, ನಿಮ್ಮ ಖಾತೆಯಲ್ಲಿ ಸೊನ್ನೆ.

ಪ್ರಶ್ನೆ: 1ರಿಂದ 4ರಲ್ಲಿ ಇಬ್ಬರು ನಮ್ಮ ಟೀಮಿನವರೇ ಸರ್. ಊಟಕ್ಕೆ ಕರೆದು ಬಾಯಿ ಬಿಡಿಸ್ತೀನಿ.

ಉತ್ತರ: ಬಿಡಿಸಿ. ನಿಮ್ಮದು ಮಾತ್ರ ಬಿಡಬೇಡಿ.