ಸುಮಂತ್‌ಗೆ: ಮಾವನ ಕಾರಿಗೆ ಹತ್ತು ದಿನದ ಇನ್ಶೂರೆನ್ಸ್ ಬೇಕಾ?

ಸುಮಂತ್, ನೀನು ಬೆಳಿಗ್ಗೆ ಗ್ರೂಪ್‌ನಲ್ಲಿ ಕೇಳಿದ್ದು ಈಗ ನೋಡಿದೆ ಕಣೋ. ದಸರಾಗೆ ಮೈಸೂರಿಗೆ ಬಂದಾಗ ಹತ್ತು ದಿನ ಮಾವನ ಕಾರು ಓಡಿಸುತ್ತೇನೆ, ಅಷ್ಟು ದಿನಕ್ಕೆ ಮಾತ್ರ ಇನ್ಶೂರೆನ್ಸ್ ಮಾಡಿಸಲಾ, ಯಾವ ಕಂಪನಿ ಒಳ್ಳೆಯದು ಅಂತ ಅಲ್ವಾ?

ಯಾವ ಕಂಪನಿಯೂ ಬೇಡ. ನಿಮ್ಮ ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ ಪಾಲಿಸಿಯಲ್ಲಿ ಹೆಸರಿರುವವರೇ ಓಡಿಸಬೇಕು. ಅದಕ್ಕೇ ಅಲ್ಲಿ ಗಂಟೆ ಲೆಕ್ಕ, ದಿನದ ಲೆಕ್ಕದಲ್ಲಿ ಮಾರುತ್ತಾರೆ. ಇಲ್ಲಿ ಇನ್ಶೂರೆನ್ಸ್ ಇರುವುದು ಗಾಡಿಗೆ. ಮಾವ ಒಪ್ಪಿ ಕೀ ಕೊಟ್ಟು, ನಿನ್ನ ಹತ್ತಿರ ಚಾಲ್ತಿಯಲ್ಲಿರುವ ಡಿಎಲ್ ಇದ್ದರೆ ಅದೇ ಪಾಲಿಸಿ ನಡೆಯುತ್ತದೆ.

ಆದರೆ ನೀನು ಕೇಳಿದ್ದು ಒಳ್ಳೆಯದೇ ಆಯಿತು. ಆ ನೆಪದಲ್ಲಿ ಪಾಲಿಸಿ ಕಾಗದ ತೆಗೆದು ನೋಡಿದೆ. ಅದರಲ್ಲಿ ಎರಡು ತಾರೀಖು ಇದೆ. 2018ರ ಸೆಪ್ಟೆಂಬರ್ ಮೇಲೆ ಹೊಸ ಕಾರು ತಗೊಂಡರೆ ಥರ್ಡ್ ಪಾರ್ಟಿ, ಅಂದರೆ ನಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ನಷ್ಟಕ್ಕೆ ಇರುವ ಇನ್ಶೂರೆನ್ಸ್, ಮೂರು ವರ್ಷಕ್ಕೆ ಒಟ್ಟಿಗೆ ಕಟ್ಟಿಸಿಕೊಳ್ಳುತ್ತಾರೆ. ನಮ್ಮ ಗಾಡಿಗೆ ಬರುವ ಪೆಟ್ಟಿಗೆ, ಅದೇ ಓಡಿ (ಓನ್ ಡ್ಯಾಮೇಜ್) ಅಂತಾರಲ್ಲ, ಅದನ್ನು ನಾವು ವರ್ಷ ವರ್ಷ ಮಾಡಿಸುತ್ತಿದ್ದೇವೆ. ಥರ್ಡ್ ಪಾರ್ಟಿ ಮುಂದಿನ ವರ್ಷದವರೆಗೂ ಇದೆ. ಓಡಿ ಮಾತ್ರ ಆಯುಧ ಪೂಜೆಗೆ ಮುಂಚೆಯೇ ಮುಗಿಯುತ್ತದೆ! ಪೊಲೀಸರು ಹಿಡಿದರೆ ಇನ್ಶೂರೆನ್ಸ್ ಇದೆ ಅಂತಲೇ ತೋರಿಸುತ್ತದೆ. ಆದರೆ ಬಂಪರ್ ಒಡೆದರೆ ಒಂದು ರೂಪಾಯಿಯೂ ಬರಲ್ಲ. ನೀನು ಬರುವ ಮೊದಲೇ ರಿನ್ಯೂ ಮಾಡಿಸುತ್ತೇವೆ, ಬಿಡು.

ಇನ್ನೊಂದು ಮಾತು. ಎರಡು ವರ್ಷದಿಂದ ಕ್ಲೇಮ್ ಮಾಡಿಲ್ಲ, ಹಾಗಾಗಿ ಈ ಸಲ ಓಡಿ ಪ್ರೀಮಿಯಂನಲ್ಲಿ 25 ಪರ್ಸೆಂಟ್ ಎನ್‌ಸಿಬಿ, ಅಂದರೆ ಕ್ಲೇಮ್ ಮಾಡದೇ ಇದ್ದಿದ್ದಕ್ಕೆ ರಿಯಾಯಿತಿ, ಸಿಗುತ್ತದೆ. ಐದು ವರ್ಷ ಹೀಗೇ ಹೋದರೆ 50 ಪರ್ಸೆಂಟ್. ನೀನು ದೇವರಾಜ ಮಾರ್ಕೆಟ್ ಹತ್ತಿರ ಯಾವುದಾದರೂ ಆಟೋಗೆ ಬಾಗಿಲು ಉಜ್ಜಿಸಿ ಕ್ಲೇಮ್ ಹಾಕಿದೆ ಅಂತಿಟ್ಟುಕೋ, ಮುಂದಿನ ವರ್ಷ ಸೊನ್ನೆ. ನಷ್ಟ ನಿನಗಲ್ಲ, ಮಾವನಿಗೆ. ಜೊತೆಗೆ 1500 ಸಿಸಿ ಒಳಗಿನ ಕಾರಿಗೆ ಮೊದಲ 1,000 ರೂಪಾಯಿ ಹೇಗೂ ನಾವೇ ಕೊಡಬೇಕು. ಅದಕ್ಕೇ ಚಿಕ್ಕಪುಟ್ಟ ಗೀರು, ಡೆಂಟ್ ಆದರೆ ನೀನೇ ಮಾಡಿಸಿಕೊಡು. ಮಾವ ಬೇಡ ಬೇಡ ಅಂತಾರೆ, ಕೇಳಬೇಡ.

ನನಗೆ ನಿಜವಾಗಿ ಯೋಚನೆ ಇರುವುದು ಗಾಡಿ ಬಗ್ಗೆ ಅಲ್ಲ, ನಿನ್ನ ಬಗ್ಗೆ. ಪಾಲಿಸಿಯಲ್ಲಿ 15 ಲಕ್ಷದ ಪರ್ಸನಲ್ ಆಕ್ಸಿಡೆಂಟ್ ಅಂತ ಬರೆದಿದೆ, ನೋಡಿ ಎಲ್ಲರೂ ಸಮಾಧಾನ ಮಾಡಿಕೊಳ್ಳುತ್ತಾರೆ. ಅದು ಮಾಲೀಕರಿಗೆ ಮಾತ್ರ, ಗಾಡಿ ಕೇಳಿ ತಗೊಂಡು ಓಡಿಸುವವರಿಗಲ್ಲ. ಇಳಕಲ್ ಕಡೆ ಒಬ್ಬರು ಬೇರೆಯವರ ಬೈಕ್ ತಗೊಂಡು ಹೋಗುವಾಗ ಎತ್ತಿನ ಗಾಡಿಗೆ ಡಿಕ್ಕಿಯಾಗಿ ತೀರಿಕೊಂಡರು. ಕೇಸ್ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. ಗಾಡಿ ಕೇಳಿ ತಗೊಂಡವರು ಮಾಲೀಕರ ಜಾಗದಲ್ಲೇ ನಿಂತ ಹಾಗೆ, ಅದಕ್ಕೆ ಮೋಟಾರು ವಾಹನ ಕಾಯ್ದೆಯಲ್ಲಿ ಆಗ ಇದ್ದ 163ಎ ಸೆಕ್ಷನ್ (ತಪ್ಪು ಯಾರದು ಅಂತ ಸಾಬೀತು ಮಾಡದೆ ಪರಿಹಾರ ಕೇಳುವುದು) ಕೆಳಗೆ ಮನೆಯವರಿಗೆ ಪರಿಹಾರ ಇಲ್ಲ ಅಂತ 2009ರಲ್ಲಿ ತೀರ್ಪು ಬಂತು. ದುಡ್ಡು ಖರ್ಚು ಮಾಡಲೇಬೇಕು ಅಂತಿದ್ದರೆ ನಿನ್ನ ಹೆಸರಿಗೆ ಒಂದು ಆಕ್ಸಿಡೆಂಟ್ ಪಾಲಿಸಿ ಮಾಡಿಸು. ಇಲ್ಲ, ನಿನ್ನ ಟ್ರಾವೆಲ್ ಇನ್ಶೂರೆನ್ಸ್‌ನಲ್ಲಿ ಇಂಡಿಯಾದಲ್ಲಿ ಕಾರು ಓಡಿಸುವುದೂ ಸೇರಿದೆಯಾ ಅಂತ ಹೊರಡುವ ಮೊದಲು ಕೇಳಿ, ಉತ್ತರ ಮೇಲ್‌ನಲ್ಲೇ ತರಿಸಿಕೋ.

ಆಮೇಲೆ, ಮೇಲುಕೋಟೆಗೆ ಫ್ರೆಂಡ್ಸ್ ಕರೆದುಕೊಂಡು ಹೋಗುವುದಿದ್ದರೆ ಪೆಟ್ರೋಲ್ ಹಂಚಿಕೊಳ್ಳಿ, ಪರವಾಗಿಲ್ಲ. ಬಾಡಿಗೆ ಅಂತ ಮಾತ್ರ ದುಡ್ಡು ತಗೋಬೇಡ. ವೈಟ್ ಬೋರ್ಡ್ ಗಾಡಿ ಬಾಡಿಗೆಗೆ ಓಡಿತು ಅಂತ ಗೊತ್ತಾದರೆ ಕ್ಲೇಮ್ ಕೈಬಿಟ್ಟ ಹಾಗೇ. ಚಿಂಟುಗೆ ಹದಿನೇಳು, ಖಾಲಿ ರಸ್ತೆ ಅಂತ ಸ್ಟೀರಿಂಗ್ ಕೊಟ್ಟೀಯ! 25,000 ದಂಡ, ಜೊತೆಗೆ ಜೈಲು, ಅದೂ ಮಾವನಿಗೆ. ಬೆಂಗಳೂರು ಹೈವೇಯಲ್ಲಿ 100ರ ಮೇಲೆ ಹೋದರೆ ಕ್ಯಾಮೆರಾ ಹಿಡಿಯುತ್ತದೆ, ಚಲನ್ ಮೆಸೇಜೂ ಅವರ ಮೊಬೈಲ್‌ಗೇ ಬರುವುದು.

ನಿನ್ನ ಡಿಎಲ್ ಮುಗಿದಿದೆಯೋ ಏನೋ, ನೋಡಿದ್ದೀಯಾ? ಫೋಟೋ ತೆಗೆದು ನನಗೆ ಕಳಿಸು, ವ್ಯಾಲಿಡಿಟಿ ಡೇಟ್ ಕಾಣುವ ಹಾಗೆ. ಗ್ರೂಪ್‌ಗೆ ಹಾಕಬೇಡ.